ಹೊಸ ತಾರೀಖಿನ ಹಳೆಯ ಕೋಡ್

ಸವದತ್ತಿಯ ತಂಗೆವ್ವ ಟೀಚರ್ ಫೋನ್ ಮಾಡಿದಾಗ ವಿಜಯನ ಬೆಳಗಿನ ಚಹಾ ಇನ್ನೂ ಮುಗಿದಿರಲಿಲ್ಲ.

“ವಿಜಯ ಸರ್, ನೀವು ಮಂದಿಗೆ ಸುಳ್ಳ ಹೇಳಾಕತ್ತೀರಿ.”

“ಯಾಕ್ರಿ ಟೀಚರ್? ಏನಾತು?”

“‘ಬರ್ರಿ’ ಅನ್ನೋದನ್ನ ಓದವ್ವ ‘ಬರ್— ರಿ’ ಅಂತ ಮುರದು ಓದತೈತಿ ಅಂತ ಯುಗಾದಿ ಮುಂದ ಹೇಳಿದ್ದೆ. ತಿದ್ದೇವಿ ಅಂದ್ರಿ. ಇವತ್ತ ಹೊಸಾದ್ದ ಇಳಿಸಿಕೊಂಡೇನಿ. ಇನ್ನೂ ಹಂಗ ಓದಾಕತ್ತೈತಿ!”

ತಂಗೆವ್ವನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅಂಥವರಿಗಾಗಿಯೇ ಹುಟ್ಟಿದ್ದು ‘ಓದವ್ವ’— ಪರದೆಯ ಮೇಲಿನ ಅಕ್ಷರಗಳನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ. ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ವಿಜಯ ಇಬ್ಬರು ಗೆಳೆಯರೊಂದಿಗೆ ಅದನ್ನು ಕಟ್ಟಿದ್ದ. ಅದರ ಕೋಡ್ ಮುಕ್ತ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಇಳಿಸಿಕೊಂಡು ಬಳಸಬಹುದು. ಮೂವರೂ ಕೆಲಸ ಮಾಡುವ ಒಳಗಿನ ಕಂಪ್ಯೂಟರಿನಲ್ಲಿ ತಿದ್ದಿದ್ದು ಬೆಳಗಾಗುವುದರೊಳಗೆ ಸಾರ್ವಜನಿಕ ಪುಟಕ್ಕೆ ತಾನಾಗಿ ಬರಬೇಕು. ಅದು ಅವರು ಜನರಿಗೆ ಕೊಟ್ಟ ಮಾತು.

ವಿಜಯ ಪುಟ ತೆರೆದ. ತಾರೀಖು ಇವತ್ತಿನದು. ಅದರಲ್ಲಿದ್ದ ಕೋಡ್? ಯುಗಾದಿಗಿಂತ ಹಳೆಯದು!

ಯಂತ್ರ ಕೆಟ್ಟಿರಲಿಲ್ಲ. ಪ್ರತಿದಿನ ತಾರೀಖು ಮಾತ್ರ ಬದಲಾಗಲಿ, ಕೋಡ್ ಬದಲಾಗದಿರಲಿ ಎಂದು ಯಾರೋ ಬೇಕೆಂದೇ ಆಜ್ಞೆ ಬರೆದಿಟ್ಟಿದ್ದರು. ಸದಾ ಒಳಗಿನ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತಿದ್ದ ವಿಜಯ ಹೊರಗಿನ ಪುಟದತ್ತ ನೋಡಿಯೇ ಇರಲಿಲ್ಲ. ಸಂಜೆಯ ಹೊತ್ತಿಗೆ ಕೋಡ್ ತಿದ್ದಲು ನೆರವಾಗುತ್ತಿದ್ದ ಹೊರ ಊರುಗಳ ಸಹಾಯಕರಿಂದಲೂ ಪ್ರಶ್ನೆ ಬಂತು: “ಹೊಸ ಕೋಡ್ ಬಚ್ಚಿಟ್ಟು ಯಾರಿಗೆ ಮಾರುತ್ತೀರಿ?” ಇವರು ಕೈಬಿಟ್ಟರೆ ಓದವ್ವ ಅಲ್ಲಿಗೆ ನಿಂತಂತೆ.

ಮರುದಿನ ವಿಜಯ ಕಿತ್ತೂರಿನ ಬಸ್ ಹತ್ತಿದ. ಪೊಲೀಸ್ ಇಲಾಖೆಯ ಸೈಬರ್ ವಿಭಾಗದಿಂದ ನಿವೃತ್ತರಾದ ರಾಜೇಶ್ವರಿಯವರು ಅಲ್ಲಿದ್ದರು. ಎಲ್ಲವನ್ನೂ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು.

“ಒಳಗಿನ ಕೀಲಿ ಯಾರ್‍ಯಾರ ಕಡೆ ಐತಿ?”

“ನನ್ನ ಕಡೆ, ಸಂದೀಪನ ಕಡೆ, ಅರ್ಜುನನ ಕಡೆ. ಮೂವರದೂ ಒಂದ ಪಾಸ್‌ವರ್ಡ್ ರೀ.”

“ಅಂದ್ರ ಕಂಪ್ಯೂಟರ್ ಯಾರ ಹೆಸರೂ ಹೇಳೂದಿಲ್ಲ. ಮಂದಿನ್ನ ಕೇಳೂಣು, ನಡೀರಿ.”

ಸಂದೀಪ ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸಿಕ್ಕ. ವಿಜಯನ ಸಂಶಯವೆಲ್ಲ ಅವನ ಮೇಲೇ ಇತ್ತು.

“ಪುಣೆ ಕಂಪನಿಯವರು ನಿನ್ನ ಕೆಲಸಕ್ಕ ಕರದಾರಂತ. ಖರೇನ?” ರಾಜೇಶ್ವರಿ ಕೇಳಿದರು.

“ಖರೇ ಐತ್ರಿ ಮೇಡಂ. ನಾ ಬರದ ಕೋಡ್ ನೋಡೇ ಕರದಾರ. ಅದು ಮಂದಿಗೆ ಕಾಣದಂಗ ಆದ್ರ ಲುಕ್ಸಾನ ಯಾರಿಗೆ? ನನಗ!” ಅವನ ಮುಖ ಕೆಂಪಾಯಿತು. “ಸರ್, ನೀವೂ ನನ್ನ ಹಂಗ ತಿಳಕೊಂಡ್ರಿ?”

ವಿಜಯನಿಗೆ ತಲೆ ಎತ್ತಲಾಗಲಿಲ್ಲ.

ಅರ್ಜುನನದು ಕಟಕೋಳದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಓದವ್ವನಿಗೆ ದನಿ ಕೊಟ್ಟವಳು ಅವನ ತಾಯಿ ಇಂದ್ರವ್ವ. ಹೊಲದ ಕೆಲಸ ಮುಗಿಸಿ ಬಂದು ಮೈಕಿನ ಮುಂದೆ ಕುಳಿತು ಸಾವಿರಾರು ವಾಕ್ಯ ಹೇಳಿದ್ದಳು. ಹೋದ ವರ್ಷ ತೀರಿಕೊಂಡಳು.

“ಬರ್ರಿ ಮೇಡಂ, ಕುಂದರ್ರಿ,” ಎಂದು ಅರ್ಜುನ ಸ್ಟೂಲ್ ಒರೆಸಿದ.

“ಪುಟದ ಸುದ್ದಿ ನಿನಗ ಯಾವಾಗ ಗೊತ್ತಾತು?”

“ನಿನ್ನೆ ಸರ್ ಫೋನ್ ಮಾಡಿದಾಗ ರೀ. ಅವ್ವ ಹೋದ ಮ್ಯಾಲೆ ನಾ ಒಳಗ ಕೈನ ಹಾಕಿಲ್ಲ. ಎಲ್ಲಾರಂಗ ಹೊರಗಿನ ಪುಟದಿಂದ ಇಳಿಸಿಕೊಳ್ಳತೇನಿ.”

“ಕೀಲಿ?”

“ಐತ್ರಿ. ಬಳಸಿಲ್ಲ.”

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಹೊಸ ಸಂದೇಶವನ್ನು ಓದಿತು. “ಅಣ್ಣಾ, ಚಾರ್ಜರ್ ತಗೊಂಡು ಜಲ್ದಿ ಬರ್ರಿ.” ಇಂದ್ರವ್ವನ ತುಂಬು ದನಿ. ಅರ್ಜುನ ಫೋನನ್ನು ಬೋರಲು ಹಾಕಿದ. ರಾಜೇಶ್ವರಿ ನೀರು ಕುಡಿದು ಹೊರಗೆ ಬಂದರು.

“ಮುಗೀತು ವಿಜಯ.”

“ಸಂದೀಪನ ಏನ್ರಿ?” ವಿಜಯ ಮೆಲ್ಲಗೆ ಕೇಳಿದ.

“ಅರ್ಜುನ.”

“ಅಂವ ಯಾಕ್ರಿ ಮೇಡಂ? ಅಲ್ಲೇನ ಸಿಕ್ತು ನಿಮಗ?”

“ನೀವೂ ಕೇಳಿದ್ರಿ. ದಿನಾ ಕೇಳೂ ದನಿ ಅಂತ ಕಿವಿ ಕೊಡಲಿಲ್ಲ. ಹೊರಗಿನ ಪುಟದ ಓದವ್ವ ‘ಬರ್ರಿ’ ಹೆಂಗ ಓದತಾಳ?”

“ಮುರದು...” ವಿಜಯ ನಿಂತಲ್ಲೇ ನಿಂತ. “ಅವನ ಫೋನಿನ್ಯಾಗ ಸರಿಯಾಗಿ ಓದಿದಳು!”

“ಮಂದಿಗೆ ಸಿಗದ ಹೊಸ ಕೋಡ್ ಅವನ ಫೋನಿಗೆ ಹೆಂಗ ಬಂತು? ಒಳಗ ಹೋಗೇ ತರಬೇಕು. ಒಳಗ ಹೋಗಿಲ್ಲ ಅಂತ ಸುಳ್ಳ ಯಾಕ ಹೇಳಿದ? ಅದನ್ನ ಅವನ ಬಾಯಿಂದನ ಕೇಳೂಣು.”

ಇಬ್ಬರೂ ಮತ್ತೆ ಅಂಗಡಿಯೊಳಗೆ ಹೋಗಿ ಕೇಳಿದಾಗ ಅರ್ಜುನ ವಾದ ಮಾಡಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ರಾಮದುರ್ಗದಾಗ ಒಂದ ರಿಕ್ಷಾ ಮೈಕ್ ಹಚ್ಚಿಕೊಂಡು ಹೊಂಟಿತ್ರಿ. ಓದವ್ವನ ಕಡಿಂದ ಓದಿಸಿದ ಕೂದಲೆಣ್ಣಿ ಜಾಹೀರಾತು. ದನಿ ನಮ್ಮವ್ವಂದು. ಮಶೀನಿನಂಗಿದ್ರೂ ಅವ್ವಂದ. ಮಂದಿ ನಗಾಕತ್ತಿದ್ರು. ನೀವು ಹೊಸ ಕೋಡಿನ್ಯಾಗ ದನಿ ಥೇಟ್ ಅವ್ವನಂಗ ಮಾಡಿದ್ರಿ. ಅದೂ ಹೊರಗ ಬಿದ್ರ ಯಾರ್‍ಯಾರ ಏನೇನ ಹೇಳಸ್ತಾರೋ ಅಂತ... ತಡಕೊಳ್ಳಾಕ ಆಗಲಿಲ್ರಿ ಸರ್.”

“ನನಗ ಒಂದ ಮಾತು ಹೇಳಬೇಕಾಗಿತ್ತಲ್ಲೋ.”

“ನೀವು ಮಂದಿಗೆ ಮಾತ ಕೊಟ್ಟವರು. ಏನ ಹೇಳಲಿ?”

ವಿಜಯ ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕುಳಿತ. ಬಯ್ಯಬೇಕೆಂದು ಬಂದಿದ್ದ ಸಿಟ್ಟು ಎಲ್ಲೋ ಇಳಿದುಹೋಗಿತ್ತು.

“ಕೋಡ್ ಮಂದಿದು, ಅದನ್ನ ಇವತ್ತ ಬಿಡಬೇಕು. ಅವ್ವನ ದನಿ ನಿಂದು. ತಗದು ಬಿಡೂಣು ಅಂದ್ರ ತಗೀತೇನಿ, ಬ್ಯಾರೆ ದನಿ ಹುಡುಕತೇವಿ. ಆದ್ರ ಮೊದಲ ತಂಗೆವ್ವ ಟೀಚರಿಗೆ ನೀನ ಹೇಳು. ನನ್ನ ಸುಳ್ಳ ಹೇಳಾಂವ ಅಂದಾರ ಅವರು.”

ಅರ್ಜುನ ಫೋನ್ ಹಚ್ಚಿದ. ತಡವರಿಸುತ್ತ ಎಲ್ಲವನ್ನೂ ಹೇಳಿದ.

“ಯಪ್ಪಾ,” ಆ ಕಡೆಯಿಂದ ತಂಗೆವ್ವನವರ ದನಿ ಬಂತು. “ದಿನಾ ಮುಂಜಾನೆ ಪೇಪರ್ ಓದಿ ಹೇಳಾಕಿ ನಿಮ್ಮವ್ವನ? ನನಗ ಯಾರೂ ಹೇಳಿದ್ದೇ ಇಲ್ಲ. ಹೆಂಗಿದ್ದಳೋ ಆಕಿ? ಎತ್ತರಿದ್ದಳೇನು? ಜೋರ ನಗತಿದ್ದಳೇನು?”

ಅರ್ಜುನ ಕಣ್ಣೊರೆಸಿಕೊಂಡ. ಭುಜಕ್ಕೆ ಫೋನ್ ಆನಿಸಿ, ಕಂಪ್ಯೂಟರ್ ತನ್ನತ್ತ ಎಳೆದುಕೊಂಡು, ತಾನು ಬರೆದಿದ್ದ ಆಜ್ಞೆಯನ್ನು ಅಳಿಸತೊಡಗಿದ. ದನಿಯ ಕಡತವನ್ನು ಮುಟ್ಟಲಿಲ್ಲ.

“ಎತ್ತರ ಇರಲಿಲ್ರಿ ಟೀಚರ್,” ಎಂದ. “ಆದ್ರ ಆಕಿ ನಕ್ಕರ, ಹೊಲದಾಚೆ ಮಂದಿಗೆ ಕೇಳಸ್ತಿತ್ತು.”