ಪಟ್ಟಿಯಲ್ಲಿಲ್ಲದ ಪ್ರಶ್ನೆ

"ಮೇಡಂ, ನಿಮ್ಮ ಸರ್ಚ್‌ನಲ್ಲಿ ಒಬ್ಬ ದಾನಿಯೂ ಸಿಗ್ತಿಲ್ಲ!"

ಬಾಗಿಲನ್ನು ದಢಾರನೆ ತಳ್ಳಿ ಒಳಬಂದವನು ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್. ಮೂರು ತಿಂಗಳ ಹಿಂದಿನವರೆಗೂ ಅವಳನ್ನು 'ಮೊದ್ದು' ಅಂತ ರೇಗಿಸುತ್ತಿದ್ದವನು. ಈಗ ಮೇಡಂ ಅಂತೆ, ಮೇಡಂ! ಯಾಕೆ ಹೀಗಾದ ಅಂತ ಗೊತ್ತಾಗದೆ ಅವಳು ಎಷ್ಟೋ ರಾತ್ರಿ ಅತ್ತಿದ್ದಳು.

"ಮೇಲೆ ಆಪರೇಷನ್ ಥಿಯೇಟರ್‌ನಲ್ಲಿ ಒಬ್ಬ ಬಾಣಂತಿ ಇದ್ದಾಳೆ. ತುಂಬಾ ಅಪರೂಪದ ರಕ್ತ. ಸಂಜೆ ಐದರೊಳಗೆ ಸಿಗದಿದ್ರೆ..."

ಅವನು ಗೋಡೆಯತ್ತ ನೋಡಿದ. ಗಡಿಯಾರದಲ್ಲಿ ಮೂರು ಗಂಟೆ.

"ಆ ಗುಂಪಿನವರನ್ನ ನಾನೇ ಕೈಯಾರೆ ಸೇರಿಸಿದ್ದೀನಿ. ಹೋದ ತಿಂಗಳು ಫಾರಂನಲ್ಲಿ 'ಅಪರೂಪದ ಗುಂಪು' ಅಂತ ಹೊಸ ಕಾಲಂ ಹಾಕಿದ್ವಿ. ಎಲ್ಲಿ ಹೋಯ್ತು ಅದು?" ಅಂದ.

ಹೊಸ ಕಾಲಂ... ಅವಳು ತಟ್ಟನೆ ಕೀಬೋರ್ಡ್ ಎಳೆದುಕೊಂಡಳು.

ದಾನಿಗಳನ್ನು ಹುಡುಕುವ ಸರ್ಚ್ ಎಂಜಿನ್ ನೋಡಿಕೊಳ್ಳುವವಳು ಅವಳೇ. ಯಾವ್ಯಾವ ಕಾಲಂ ಇರಬೇಕು ಅನ್ನುವ ಪಟ್ಟಿ, ಅಂದರೆ ಸ್ಕೀಮಾ, ಅವಳೇ ಬರೆದದ್ದು. ಪಟ್ಟಿಯಲ್ಲಿಲ್ಲದ ಕಾಲಂ ಬಂದಾಗಲೆಲ್ಲ ದಾಖಲೆಗಳನ್ನು ತುಂಬುವ ಕೆಲಸ, ಅಂದರೆ ಲೋಡ್, ನಿಂತುಹೋಗುತ್ತಿತ್ತು. ಎಲ್ಲರಿಂದಲೂ ಬೈಸಿಕೊಂಡು ಸಾಕಾಗಿ ಅವಳು ಅದರಲ್ಲಿ ಒಂದು ಸಾಲು ಸೇರಿಸಿದ್ದಳು: ಗೊತ್ತಿಲ್ಲದ ಕಾಲಂ ಬಂದರೆ ಸದ್ದಿಲ್ಲದೆ ಬಿಟ್ಟುಬಿಡು. ಅಂದಿನಿಂದ ಬೈಗುಳ ನಿಂತಿತ್ತು. ಎಂಥಾ ನೆಮ್ಮದಿ! ಆ ನೆಮ್ಮದಿಗಿಷ್ಟು ಬೆಂಕಿ ಹಾಕ!

"ತಪ್ಪು ನಂದೇ," ಅಂದಳು. "ನಿಮ್ಮ ಮೂಲ ಫೈಲುಗಳು ಇವೆಯಲ್ವಾ? ಎಲ್ಲಾ ಮತ್ತೆ ಲೋಡ್ ಮಾಡ್ತೀನಿ."

ಆ ಸಾಲನ್ನು ಕಿತ್ತುಹಾಕಿ, ಹೊಸ ಕಾಲಂ ಅನ್ನು ಪಟ್ಟಿಗೆ ಸೇರಿಸಿದಳು. ಲೋಡ್ ಶುರುವಾಯಿತು. ಹತ್ತು ಸಾವಿರ ದಾಖಲೆ... ಹನ್ನೆರಡು ಸಾವಿರ...

ಟಕ್ಕನೆ ನಿಂತಿತು!

'ಗೊತ್ತಿಲ್ಲದ ಕಾಲಂ: ಪ್ರಶ್ನೆ.'

"ಇದ್ಯಾವುದಪ್ಪಾ?" ಅನ್ನುತ್ತಾ ಮೂಲ ಫೈಲು ತೆರೆದಳು. ದಾನಿಯಾಗಿ ಅವನದೇ ದಾಖಲೆ! ರಕ್ತದ ಗುಂಪು, ತೂಕ, ಫೋನ್ ನಂಬರ್... ಕೊನೆಯಲ್ಲಿ ಇನ್ನೊಂದು ಸಾಲು.

'ಪ್ರಶ್ನೆ: ಮೊದ್ದು, ನನ್ನ ಮದುವೆ ಆಗ್ತೀಯಾ?'

ಅವಳು ಆ ಸಾಲನ್ನು ಎರಡು ಸಲ ಓದಿದಳು.

ಮೂರು ತಿಂಗಳ ಹಿಂದೆ, "ನನ್ನ ದಾಖಲೆ ತೆಗೆದು ಪೂರ್ತಿ ಓದು, ಆಮೇಲೆ ಏನಂತ ಹೇಳು," ಅಂದಿದ್ದ. ಅವಳು ಸರ್ಚ್‌ನಲ್ಲಿ ಕಂಡಷ್ಟನ್ನು ಓದಿ, "ಓದಿದೆ ಮಾರಾಯ. ಇದರಲ್ಲಿ ಹೇಳೋದೇನಿದೆ? ಹೋಗಿ ಕೆಲಸ ನೋಡು," ಅಂದುಬಿಟ್ಟಿದ್ದಳು. ಮರುದಿನದಿಂದಲೇ ಅವನ ಬಾಯಲ್ಲಿ ಮೇಡಂ!

'ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ ನಾನು...'

"ಅದನ್ನ ಅಳಿಸಿಬಿಡಿ," ಹಿಂದಿನಿಂದ ಅವನು ಅಂದ. "ಟೈಮಿಲ್ಲ ಮೇಡಂ."

"ಅಳಿಸಲ್ಲ!"

ಕಣ್ಣೊರೆಸಿಕೊಂಡು, 'ಪ್ರಶ್ನೆ'ಯನ್ನೂ ಪಟ್ಟಿಗೆ ಸೇರಿಸಿ ಲೋಡ್ ಮುಂದುವರಿಸಿದಳು. ಮುಗಿದ ತಕ್ಷಣ ಹುಡುಕಿದಳು.

ಇಬ್ಬರು ದಾನಿಗಳು!

ಮೊದಲನೆಯವರು ಫೋನ್ ಎತ್ತಲಿಲ್ಲ. ಎರಡನೆಯವರು ಒಬ್ಬ ಮೇಷ್ಟ್ರು. "ಬಂದೆ ಅಂತ ತಿಳ್ಕೊಳ್ಳಿ," ಎಂದವರೇ ಪಾಠ ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿದರು. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ತುರ್ತು ಪರೀಕ್ಷೆ ಮುಗಿದು, ರಕ್ತದ ಚೀಲ ಮೇಲಕ್ಕೆ ಹೋಯಿತು.

ಆರೂವರೆಗೆ ಅವನು ಮತ್ತೆ ಬಂದ. ಈ ಸಲ ಬಾಗಿಲು ತಟ್ಟಿದ.

"ಅವಳು ಉಳಿದಳು," ಅಂದ. "ಕಣ್ಣು ಬಿಟ್ಟ ಕೂಡಲೇ ಮಗುವನ್ನ ಕೇಳಿದಳಂತೆ."

ಅವಳು ಮೇಜಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು.

"ನೀವು ಓದಿ, ಬೇಡ ಅಂದ್ರಿ ಅಂತ ನಾನು..."

"ಓದಿರಲಿಲ್ಲ ಕಣೋ! ನನಗದು ಕಾಣಿಸಲೇ ಇಲ್ಲ! ಬಾಯಿಬಿಟ್ಟು ಕೇಳೋಕೇನಾಗಿತ್ತು ನಿಂಗೆ?"

"ಧೈರ್ಯ ಇರಲಿಲ್ಲ."

"ಈಗ?"

ಅವನು ಕುರ್ಚಿ ಎಳೆದು ಅವಳೆದುರು ಕೂತ.

"ಮೊದ್ದು... ನನ್ನ ಮದುವೆ ಆಗ್ತೀಯಾ?"

"ಇಷ್ಟು ಕೇಳೋಕೆ ಮೂರು ತಿಂಗಳು ಅಳಿಸಿದ್ಯಲ್ಲೋ, ಪಾಪಿ! ಆಗ್ತೀನಿ."

"ಆ ಸಾಲು ಕಿತ್ತುಹಾಕಿದೀಯಲ್ಲ, ನಾಳೆಯಿಂದ ಲೋಡ್ ನಿಂತರೆ ಎಲ್ಲರೂ ನಿನ್ನ ಮೇಲೆ ಕೂಗಾಡ್ತಾರೆ. ನಾನೂ ಸೇರಿ."

"ಕೂಗಾಡು," ಅವಳು ಅವನ ಕೈ ಹಿಡಿದುಕೊಂಡಳು. "ಮೇಡಂ ಅಂತ ಮಾತ್ರ ಅನ್ನಬೇಡ."