ಮೀನಿಗೊಂದು ಲೋಟ, ನಮಗೊಂದು ಲೋಟ

ವಾರವಿಡೀ ಮೈಮುರಿದು ದುಡಿದು ನಿನ್ನ ತಲೆ ಕೆಟ್ಟಿದೆ ಎನ್ನುತ್ತಾಳೆ ನನ್ನಕ್ಕ. ಇರಬಹುದು. ನಡೆದದ್ದನ್ನಷ್ಟೇ ಬರೆಯುತ್ತೇನೆ.

ರಜೆಯ ಮಧ್ಯಾಹ್ನ, ಮಗಳು ಹಟ ಹಿಡಿದು ಕೊಡಿಸಿಕೊಂಡ ಮೀನನ್ನು ಪ್ಲಾಸ್ಟಿಕ್ ಚೀಲದ ಸಮೇತ ಗಾಜಿನ ತೊಟ್ಟಿಯಲ್ಲಿ ತೇಲಿಬಿಟ್ಟೆ. ಬೆಕ್ಕು ನುಗ್ಗದಿರಲೆಂದು ಕೋಣೆಯ ಬಾಗಿಲು ಮುಚ್ಚಿದ್ದೆ.

“ಸೀದಾ ಬಿಟ್ಬಿಡಮ್ಮ, ಪಾಪ!”

“ಹೊಸ ನೀರು ಒಮ್ಮೆಲೇ ತಾಕಿದ್ರೆ ಸತ್ತೇ ಹೋಗುತ್ತೆ ಕಣೇ. ನಮ್ಮ ನೀರನ್ನ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸ್ಬೇಕು.”

ತೊಟ್ಟಿಯಿಂದ ಒಂದು ಲೋಟ ನೀರು ಮೊಗೆದು ಚೀಲಕ್ಕೆ ಸುರಿದೆ. ಬಾಗಿಲ ಸಂದಿಯಿಂದ ಒಂದು ಲೋಟದಷ್ಟೇ ನೀರು ಒಳಗೆ ಹರಿದು ಬಂತು. ಕಾಲಿಗೆ ಕೊರೆಯುವಷ್ಟು ತಣ್ಣಗಿತ್ತು. ಬಚ್ಚಲ ನಲ್ಲಿ ಬಿಟ್ಟು ಬಂದೆನೇನೋ ಅಂದುಕೊಂಡು ಎರಡನೇ ಲೋಟ ಸುರಿದೆ. ಮತ್ತೆ ಅಷ್ಟೇ ನೀರು ಬಂತು.

“ಅಮ್ಮಾ, ನೀನು ಹಾಕ್ದಾಗೆಲ್ಲ ಅವ್ರೂ ಹಾಕ್ತಿದಾರೆ.”

“ಯಾರೇ?”

ಅವಳು ಮುಖ ಮೇಲೆತ್ತಿ ಸೂರು ನೋಡಿದಳು. ಬಾಗಿಲು ಎಳೆದೆ. ಚಿಲಕ ಹಾಕಿರಲಿಲ್ಲ, ಆದರೂ ಅದು ಜಗ್ಗಲಿಲ್ಲ. ಕಿಟಕಿಯಾಚೆ ಬೀದಿ ನೀರೊಳಗಿನಿಂದ ನೋಡಿದಂತೆ ಅಲುಗುತ್ತಿತ್ತು. ಕೂಗಿದರೆ ನನ್ನ ದನಿ ನನಗೇ ಕೇಳಲಿಲ್ಲ. ಮಗಳನ್ನು ಅವಚಿಕೊಂಡು, ಇನ್ನು ಲೋಟದ ಸಹವಾಸವೇ ಬೇಡವೆಂದು ಚೀಲ ಹರಿದು ಮೀನನ್ನು ತೊಟ್ಟಿಗೆ ಸುರಿದುಬಿಟ್ಟೆ.

ಬಾಗಿಲು ತಾನಾಗಿ ತೆರೆದುಕೊಂಡಿತು. ಹಜಾರದ ನೆಲ ಒಣಗಿತ್ತು. ಬೆಕ್ಕು ಮಾತ್ರ ನಮ್ಮನ್ನು ಕಂಡು ಬಾಲ ಉಬ್ಬಿಸಿ ಓಡಿತು. ಮತ್ತೆ ಮನೆಗೆ ಬರಲಿಲ್ಲ.

ಮೀನು ಚೆನ್ನಾಗಿದೆ. ಆಹಾರದ ಹೊತ್ತಿಗೆ ಮೇಲೆ ಬಂದು ಬಾಯಿ ತೆರೆಯುತ್ತದೆ. ಮಗಳು ಊಟಕ್ಕೆ ಕೂತರೆ ತಟ್ಟೆ ನೋಡುವುದಿಲ್ಲ. ಮುಖ ಮೇಲೆತ್ತಿ, ಸೂರು ನೋಡುತ್ತಾ, ಬಾಯಿ ತೆರೆದು ಕಾಯುತ್ತಾಳೆ.

ಎರಡು ಮನೆ ಬದಲಾಯಿಸಿದೆವು. ಎಲ್ಲಿ ಹೋದರೂ ಸೂರನ್ನೇ ನೋಡುತ್ತಾಳೆ.