ಸಿಹಿನೀರಿನಲ್ಲಿ ತೊಳೆದ ರೀಲು

ಮಧ್ಯಾಹ್ನ ಹನ್ನೆರಡಕ್ಕೆ ಠಾಣೆಗೆ ಬಂದ ಹೆಂಗಸು, ಬೆಳಗಿನ ಜಾವ ಸಮುದ್ರದ ಬಂಡೆಗೆ ಗಾಳ ಹಾಕಲು ಹೋದ ಗಂಡ ಮರಳಿಲ್ಲ ಎಂದು ದೂರು ಕೊಟ್ಟಳು. ಜತೆಗಿದ್ದ ಮೈದುನ ಅವಳಿಗೆ ನೀರು ತಂದುಕೊಟ್ಟ. ಗಾಳದ ದಾರ ಸುತ್ತುವ ರೀಲುಗಳನ್ನು ರಿಪೇರಿ ಮಾಡುವವನು. ಊರಿಗೆಲ್ಲ ಅವನು ರೀಲಣ್ಣ.

ಎರಡು ಗಂಟೆಗೆ ಬಂಡೆಗಳ ಸಂದಿಯಲ್ಲಿ ಶವ ಸಿಕ್ಕಿತು. ತಲೆಯ ಹಿಂಭಾಗ ಒಡೆದಿತ್ತು.

"ಕಾಲು ಜಾರಿರಬೇಕು ಸಾರ್. ಕಲ್ಲೆಲ್ಲ ಪಾಚಿ," ಎಂದ ರೀಲಣ್ಣ.

"ಇವತ್ತಿಂದ ನಾನೂ ಮಗಳೂ ಮೈದುನನ ಮನೇಲೇ ಇರ್ತೀವಿ," ಎಂದಳು ಹೆಂಗಸು. ಆ ಮಾತು ಇನ್‌ಸ್ಪೆಕ್ಟರಿಗೆ ಯಾಕೋ ಹಿತವೆನಿಸಲಿಲ್ಲ.

ಅಸ್ವಾಭಾವಿಕ ಸಾವೆಂದು ದಾಖಲಿಸಿ, ಪಂಚರೆದುರು ಪಂಚನಾಮೆ ನಡೆಸಿದರು. ಗಾಳದ ಕೋಲು, ಉಪ್ಪು ಹಿಡಿದು ಬಿರುಸಾದ ಚೀಲ, ಖಾಲಿ ನೀರಿನ ಬಾಟಲಿ. ಅಲೆ ಮುಟ್ಟದ ಎತ್ತರದ ಬಂಡೆಯ ಮೇಲೆ, ಕೋಲಿನಿಂದ ಬಿಚ್ಚಿಟ್ಟ ರೀಲು. ಬೆರಳಚ್ಚು ತೆಗೆದ ಮೇಲೆ ಇನ್‌ಸ್ಪೆಕ್ಟರು ಹಿರಿಯ ಪೇದೆಯತ್ತ ತಿರುಗಿದರು.

"ರುಚಿ ನೋಡ್ರೀ."

"ನಾನು ಪೊಲೀಸು ಸಾರ್, ಬೆಕ್ಕಲ್ಲ," ಎನ್ನುತ್ತಲೇ ಪೇದೆ ಮೊದಲು ಕೋಲಿಗೆ, ಆಮೇಲೆ ರೀಲಿಗೆ ಬೆರಳು ಸವರಿ ನಾಲಿಗೆಗೆ ಮುಟ್ಟಿಸಿದ. ಅವನ ಮುಖದ ನಗೆ ಮಾಯವಾಯಿತು. "ಕೋಲು ಉಪ್ಪು. ರೀಲು ಸಪ್ಪೆ ಸಾರ್."

ಸಂಜೆ ಐದಕ್ಕೆ ಠಾಣೆಯಲ್ಲಿ ರೀಲಣ್ಣನನ್ನು ಎದುರಿಗೆ ಕೂರಿಸಿ, ರೀಲಿನ ಮುಚ್ಚಳ ಬಿಚ್ಚಿ ತೋರಿಸಿದರು. ಹೊರಗೆ ಥಳಥಳ ಹೊಳೆಯುವ ರೀಲಿನ ಒಳಗೆಲ್ಲ ಕಂದು ತುಕ್ಕು, ಬಿಳಿ ಪುಡಿ.

"ಇದು ಹೇಗಾಗುತ್ತೆ?"

"ನೀರು ಒಣಗುತ್ತೆ, ಉಪ್ಪು ಒಳಗೇ ಉಳಿಯುತ್ತೆ. ಅದು ಗಾಳಿಯ ತೇವ ಎಳ್ಕೊಂಡು ಬೇರಿಂಗ್ ತಿನ್ನುತ್ತೆ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂಗೆ ತಾಗೋ ಕಡೆ ಇನ್ನೂ ಜೋರು, ಅಲ್ಯೂಮಿನಿಯಂ ಪುಡಿಯಾಗುತ್ತೆ. ಒದ್ದೆ ಚೀಲದಲ್ಲಿ ಮುಚ್ಚಿಟ್ರೆ ಮುಗೀತು."

"ತಡೆಯೋದು?"

"ತಕ್ಷಣ ಸಿಹಿನೀರಲ್ಲಿ ತೊಳೀಬೇಕು. ಒರೆಸಿ, ದಾರ ಬಿಗಿ ಮಾಡೋ ತಿರುಪು ಸಡಿಲಿಸಿ ಒಣಗಿಸಬೇಕು."

"ನಿಮ್ಮಣ್ಣ ಹಾಗೆ ಮಾಡ್ತಿದ್ರಾ?"

"ಅವನಾ? ಜನ್ಮದಲ್ಲಿ ಮಾಡಿಲ್ಲ. ನಾನು ಹೇಳಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

"ಮತ್ತೆ ಇವತ್ತು ಇದನ್ನ ಬಾಟಲಿ ನೀರಲ್ಲಿ ತೊಳೆದು, ಒರೆಸಿ, ತಿರುಪು ಸಡಿಲಿಸಿದ್ದು ಯಾರು?"

ರೀಲಣ್ಣ ತನ್ನ ಕೈಗಳನ್ನೇ ನೋಡಿಕೊಂಡ.

"ಅಪ್ಪನ ರೀಲು ಸಾರ್. ಸಾಯೋವಾಗ ಅಣ್ಣನ ಕೈಗೆ ಕೊಟ್ಟ. ಅವನು ಹಾಳು ಮಾಡೋದು, ನಾನು ತುಕ್ಕು ತೆಗೆಯೋದು. ಬೆಳಿಗ್ಗೆ ಬಂಡೆ ಹತ್ರ ಹೋಗಿ, ನನಗೆ ಕೊಟ್ಬಿಡು ಅಂತ ಇವತ್ತೂ ಬೇಡ್ಕೊಂಡೆ. ನಕ್ಕ. ಕಣ್ಣೆದುರೇ ಉಪ್ಪುನೀರಲ್ಲಿ ಅದ್ದಿ, 'ತಗೋ, ತೊಳಿ' ಅಂದ. ಕೈಗೆ ಕಲ್ಲು ಸಿಕ್ತು."

"ಹಾಗೇ ಬಿಟ್ಟು ಬಂದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅದನ್ನ ಉಪ್ಪಲ್ಲಿ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ ಸಾರ್."

ಆರು ಗಂಟೆಗೆ ಕೊಲೆಯ ಎಫ್‌ಐಆರ್ ದಾಖಲಾಯಿತು, ಬಂಧನವೂ ಆಯಿತು. ಅಪ್ಪ ತನ್ನ ಕೈಗೆ ಕೊಡದ ವಸ್ತುವಿನ ಮೇಲೆ ಇಷ್ಟು ಅಕ್ಕರೆಯಿದ್ದವನು, ಒಡಹುಟ್ಟಿದವನನ್ನು ಮಾತ್ರ ಅದೇ ಉಪ್ಪುನೀರಿನಲ್ಲಿ ಬಿಟ್ಟು ಬಂದಿದ್ದ. ಇನ್‌ಸ್ಪೆಕ್ಟರು ಬಾಗಿಲವರೆಗೆ ಬಂದು ಅಲ್ಲೇ ನಿಂತರು. ಹೊರಗೆ ಬೆಂಚಿನ ಮೇಲೆ, ನಿದ್ದೆ ಹೋದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅತ್ತಿಗೆ ಮೈದುನನಿಗಾಗಿ ಕಾಯುತ್ತಿದ್ದಳು.